ಹಾಜರಿ ಪುಸ್ತಕ ಓದೋರು ಯಾರು?

ರಾತ್ರಿ ಒಂಬತ್ತಕ್ಕೆ ನಮ್ಮ ಬಜಾರಿನ ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಅರ್ಧ ಷಟರ್ ಇಳಿಸಿಕೊಂಡು ಸಾಹುಕಾರರು ಉದ್ರಿ ಪುಸ್ತಕ ತೆಗೆದು ಕೂತಿರುತ್ತಾರೆ. ಪ್ರತಿ ಶನಿವಾರ ಬಾಕಿ ಕಟ್ಟುತ್ತಿದ್ದ ಗಿರಾಕಿ ಎರಡು ಶನಿವಾರ ಮುಖ ತೋರಿಸಲಿಲ್ಲ ಅಂದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಕೂಲಿ ಸಿಕ್ಕಿಲ್ಲವೋ, ಮನೆಯಲ್ಲಿ ಕಾಯಿಲೆಯೋ, ಇಲ್ಲ ಪಕ್ಕದ ಬೀದಿಯಲ್ಲಿ ಹೊಸ ಖಾತೆ ತೆಗೆದನೋ ಅಂತ ಮೂರನೇ ಶನಿವಾರದೊಳಗೆ ವಿಚಾರಿಸಿಯೂ ಆಗಿರುತ್ತದೆ. ಇದಕ್ಕೆ ಅವರು ಬೆಂಗಳೂರಿನಿಂದ ಸುತ್ತೋಲೆ ಬರಲಿ ಅಂತ ಕಾಯುವುದಿಲ್ಲ.

ನಮ್ಮ ಹೈಸ್ಕೂಲುಗಳಲ್ಲೂ ಅಂಥ ಒಂದು ಪುಸ್ತಕ ಇದೆ. ದಿನಾ ಬೆಳಿಗ್ಗೆ ಮೇಷ್ಟ್ರು ಹೆಸರು ಕೂಗುತ್ತಾರೆ, ಹುಡುಗರು ಯಸ್ ಸಾರ್ ಅನ್ನುತ್ತಾರೆ, ಗುರುತು ಬೀಳುತ್ತದೆ. ತಿಂಗಳ ಕೊನೆಗೆ ಕೂಡಿ ಕಳೆದು ಶೇಕಡಾವಾರು ತೆಗೆದು ಮೇಲಕ್ಕೆ ಕಳಿಸುತ್ತಾರೆ. ಸ್ಯಾಟ್ಸ್ ಅಂತ ರಾಜ್ಯದ್ದೊಂದು ವ್ಯವಸ್ಥೆ, ಅದರಲ್ಲಿ ಒಂದೊಂದು ಮಗುವಿಗೂ ಒಂದು ನಂಬರು. ಯುಡೈಸ್ ಅಂತ ಕೇಂದ್ರದ್ದು ಇನ್ನೊಂದು. ಬಿಸಿಯೂಟದ ಲೆಕ್ಕ ಬೇರೆ. ಐದನೇ ತರಗತಿವರೆಗೆ ತಲೆಗೆ 100 ಗ್ರಾಂ ಧಾನ್ಯ, ದೊಡ್ಡ ಮಕ್ಕಳಿಗೆ 150. ಹಾಗಾಗಿ ಇವತ್ತು ಎಷ್ಟು ಮಂದಿ ಬಂದಿದ್ದಾರೆ ಅನ್ನುವುದು ಅಡುಗೆಮನೆಗೂ ಗೊತ್ತು. ಬಾರದವರು ಯಾರು? ಯಾವ ವಾರ ಬರಲ್ಲ? ಯಾವ ಊರಿನವರು? ಯಾವ ಪೀರಿಯಡ್ಡಿಗೆ ಇರುವುದಿಲ್ಲ? ಉತ್ತರ ಅದೇ ಪುಸ್ತಕದಲ್ಲಿ ಬಿದ್ದಿದೆ. ಅದನ್ನು ಬಿಚ್ಚಿಟ್ಟುಕೊಂಡು ನಾಲ್ಕು ಮೇಷ್ಟ್ರು ಒಟ್ಟಿಗೆ ಕೂರುವುದು ಮಾತ್ರ ಅಪರೂಪ.

ಮೇಷ್ಟ್ರುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಅರ್ಧ ಆಯುಷ್ಯ ಈ ಅಂಕಿಗಳನ್ನು ತುಂಬುವುದರಲ್ಲೇ ಕಳೆಯುತ್ತಿದೆ. ಸರ್ವರ್ ಸಿಗಲಿಲ್ಲ ಅಂತ ಸೈಬರ್ ಸೆಂಟರಿನ ಬೆಂಚಿನ ಮೇಲೆ ಕೂತ ಹೆಡ್‌ಮಾಸ್ತರರನ್ನು ನಾವೇ ನೋಡಿದ್ದೇವೆ. ತುಂಬಿಸಿಕೊಳ್ಳುವವರು ಇದ್ದಾರೆ, ತುಂಬಿದ್ದನ್ನು ಓದಿ ಅಂತ ಹೇಳುವವರಿಲ್ಲ. ನಮ್ಮ ತಕರಾರು ಅಷ್ಟೇ.

ಓದುವ ಕಾಲ ಒಂದಿದೆ, ನಿಜ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 2023ರಲ್ಲಿ ರಾಜ್ಯಕ್ಕೆ ಶೇ. 83.89 ಬಂದಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಬಿತ್ತು, ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ 94ರೊಂದಿಗೆ ಮೊದಲು, ಯಾದಗಿರಿ 50.59ರೊಂದಿಗೆ ಕೊನೆ. ಆಮೇಲೆ ಏನಾಗುತ್ತದೆ ಅನ್ನುವುದು ಓದುಗರಿಗೆ ಬಾಯಿಪಾಠ. ಸಭೆ, ನೋಟಿಸು, ಕಾರಣ ಕೇಳಿ ಪತ್ರ. ಹುಡುಗ ಫೇಲಾಗಿ ಗ್ಯಾರೇಜು ಸೇರಿದ ಮೇಲೆ ಕಾರಣ ಕೇಳಿ ಏನು ಪ್ರಯೋಜನ ಸ್ವಾಮಿ? ಅವನು ಕೈ ಜಾರುತ್ತಿದ್ದಾನೆ ಅಂತ ಜುಲೈ ತಿಂಗಳ ಹಾಜರಿಯೇ ಹೇಳಿತ್ತು.

ಇದನ್ನು ಬರೆಯುತ್ತಿರುವವನೂ ಪಿಯುಸಿ ಮುಗಿಸಿದವನಲ್ಲ. ನಮ್ಮೂರಿನ ಬಸ್ಸು ಪೇಟೆ ಮುಟ್ಟುತ್ತಿದ್ದದ್ದು 10-20ಕ್ಕೆ. ಕಾಲೇಜು ಶುರುವಾಗುತ್ತಿದ್ದದ್ದು 9-45ಕ್ಕೆ, ಮೊದಲ ಪೀರಿಯಡ್ಡು ಅಕೌಂಟೆನ್ಸಿ. ಅದೇ ಬಸ್ಸಿನಿಂದ ಇಳಿಯುವ ನಾವು ನಾಲ್ವರೂ ವರ್ಷವಿಡೀ ಅದೊಂದೇ ಪೀರಿಯಡ್ಡಿಗೆ ಗೈರು. ಮಿಕ್ಕ ಪೀರಿಯಡ್ಡುಗಳಿಗೆಲ್ಲ ಹಾಜರು. ಫೆಬ್ರವರಿಯಲ್ಲಿ ನೋಟಿಸ್ ಬೋರ್ಡಿನ ಮೇಲೆ ಶೇ. 75 ತುಂಬದವರ ಪಟ್ಟಿ ಹಾಕಿದರು, ನಾಲ್ಕೂ ಹೆಸರು ಸಾಲಾಗಿದ್ದವು. ಹಾಗೆ ಸಾಲಾಗಿ ಯಾಕಿವೆ ಅಂತ ಯಾರೂ ಕೇಳಲಿಲ್ಲ. ನಾವೂ ಬಾಯಿ ಬಿಡಲಿಲ್ಲ. ಇಬ್ಬರು ಮುಂದಿನ ವರ್ಷ ಮತ್ತೆ ಕಟ್ಟಿದರು. ಒಬ್ಬ ಬೆಂಗಳೂರಿಗೆ ಹೋದ. ಇನ್ನೊಬ್ಬ ಪತ್ರಿಕೆಗೆ ಬಂದ.

ಸ್ವಂತ ಗೋಳು ಸಾಕು. ಪುಸ್ತಕ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರದ ಒಂದು ಊರಿನ ಕತೆ ಕೇಳಿ. 1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ ಶಿಕಾಗೋ. ಅಲ್ಲಿ ಹೈಸ್ಕೂಲು ಅಂದರೆ 9ರಿಂದ 12ನೇ ತರಗತಿ. ಅಷ್ಟು ದೊಡ್ಡ ಶ್ರೀಮಂತ ದೇಶದ ಪಟ್ಟಣದಲ್ಲೂ ಸರ್ಕಾರಿ ಶಾಲೆಯ ಮಕ್ಕಳು ರಾಶಿರಾಶಿಯಾಗಿ ಅರ್ಧಕ್ಕೆ ಬಿಡುತ್ತಿದ್ದರು. ಬಡತನ ಅಂದರು, ಮನೆ ಸರಿಯಿಲ್ಲ ಅಂದರು, ಹಿಂದಿನ ಶಾಲೆಯಲ್ಲೇ ಕಲಿತಿಲ್ಲ ಅಂದರು. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ತೆಗೆದು 2005ರಲ್ಲಿ ಹೇಳಿದ್ದೇ ಬೇರೆ. ಒಂಬತ್ತನೇ ತರಗತಿಯಲ್ಲಿ ಬೇಕಾದಷ್ಟು ವಿಷಯ ಪಾಸು ಮಾಡಿ, ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೇಲಾಗದ ಮಗು ಹಳಿಯ ಮೇಲಿದೆ ಅಂತ ಲೆಕ್ಕ. ಹಳಿಯ ಮೇಲಿದ್ದ ಮಗು ಹೈಸ್ಕೂಲು ಮುಗಿಸುವ ಸಂಭವ ಹಳಿ ತಪ್ಪಿದ ಮಗುವಿಗಿಂತ ಮೂರೂವರೆ ಪಟ್ಟು. 2007ರಲ್ಲಿ ಇನ್ನೊಂದು ಮಾತು ಸೇರಿಸಿದರು. ಒಂಬತ್ತನೇಯಲ್ಲಿ ಯಾರು ಫೇಲಾಗುತ್ತಾರೆ ಅನ್ನುವುದನ್ನು ಎಂಟನೇಯ ಪರೀಕ್ಷೆಯ ಅಂಕಕ್ಕಿಂತ ತರಗತಿಯ ಹಾಜರಿ ಎಂಟು ಪಟ್ಟು ಚೆನ್ನಾಗಿ ಹೇಳುತ್ತದೆಯಂತೆ. ಬುದ್ಧಿಯ ಲೆಕ್ಕಕ್ಕಿಂತ ಬೆಂಚಿನ ಲೆಕ್ಕ ಮುಖ್ಯ ಅನ್ನಿ.

ಆಮೇಲೆ ಅಲ್ಲಿ ಮಾಡಿದ್ದು ತುಂಬಾ ಸಾದಾ ಕೆಲಸ. ವರ್ಷದ ಕೊನೆಯವರೆಗೆ ಕಾಯದೆ ನಡುವೆಯೇ ಹೆಸರಿನ ಪಟ್ಟಿಯನ್ನು ಶಾಲೆಯ ಕೈಗೆ ಕೊಟ್ಟರು. ಒಂಬತ್ತನೇಗೆ ಪಾಠ ಮಾಡುವ ಮೇಷ್ಟ್ರುಗಳು ಗುಂಪಾಗಿ ಕೂತು ಒಂದೊಂದೇ ಹೆಸರು ಓದಿದರು. ಗಣಿತದ ಮೇಷ್ಟ್ರಿಗೆ ಸೋಮಾರಿಯಾಗಿ ಕಂಡವನು ವಿಜ್ಞಾನದ ಮೇಷ್ಟ್ರ ಹತ್ತಿರ ಚುರುಕಾಗಿರುತ್ತಾನೆ. ಒಟ್ಟಿಗೆ ಕೂರದೆ ಅದು ತಿಳಿಯುವುದು ಹೇಗೆ? ಒಬ್ಬನಿಗೆ ಮನೆಗೆ ಫೋನು, ಒಬ್ಬಳಿಗೆ ಸಂಜೆ ಪಾಠ, ಹೀಗೆ ಮಗುವಿಗೆ ತಕ್ಕ ಮದ್ದು. ಹಳಿಯ ಮೇಲಿದ್ದವರು 2007ರಲ್ಲಿ ಶೇ. 57 ಇದ್ದದ್ದು 2013ರ ಹೊತ್ತಿಗೆ 82 ಆಯಿತು. ಮೇಷ್ಟ್ರುಗಳು ಸುಮ್ಮನೆ ಅಂಕ ಒತ್ತಿರಬಹುದು ಅನ್ನುವ ಅನುಮಾನ ಅಲ್ಲೂ ಬಂತು. ಮೊದಲು ಬದಲಾದ ಶಾಲೆಗಳಲ್ಲಿ ಆಮೇಲಿನ ವರ್ಷಗಳಲ್ಲಿ ಹೈಸ್ಕೂಲು ಮುಗಿಸಿದವರ ಸಂಖ್ಯೆಯೂ ಏರಿದ್ದರಿಂದ ಅನುಮಾನ ಕಡಿಮೆಯಾಯಿತು. ಆದರೂ ಆ ಅನುಮಾನ ಒಳ್ಳೆಯದೇ. ಅಂಕಿಯನ್ನು ಚಾಟಿ ಮಾಡಿಕೊಂಡು ಬೀಸಿದರೆ ಅಂಕಿಯೇ ಸುಳ್ಳಾಗುತ್ತದೆ. ಕ್ಯಾಮೆರಾ ಬರುವ ಮುಂಚಿನ ನಮ್ಮ ಫಲಿತಾಂಶಗಳ ವಿಷಯ ಹೆಚ್ಚು ಹೇಳುವುದು ಬೇಡ.

ಪರದೇಶದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮದೇ ಎಚ್.ಡಿ. ಕೋಟೆ ಇದೆ. 1995ರಲ್ಲಿ ಅಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಲಿ-ಕಲಿ ಶುರುವಾಯಿತು. ಗೋಡೆಗೆ ಕಲಿಕೆಯ ಏಣಿಯ ಚಿತ್ರ. ತಾನು ಎಷ್ಟನೇ ಮೆಟ್ಟಿಲು ಅಂತ ಮಗುವೇ ತೋರಿಸುತ್ತದೆ, ಹಿಂದೆ ಉಳಿದಿದ್ದರೆ ಮೇಷ್ಟ್ರು ಅಲ್ಲಿಂದಲೇ ಹಿಡಿಯುತ್ತಾರೆ. ಆರೇಳು ವರ್ಷದ ಮಗು ಓದುವ ಲೆಕ್ಕವನ್ನು ಹೈಸ್ಕೂಲಿನಲ್ಲಿ ದೊಡ್ಡವರು ಓದಲಾಗದೇ?

ಈಗ ನಮ್ಮ ಪೇಟೆಗೆ ಬರೋಣ. ಎಂಟು, ಒಂಬತ್ತು, ಹತ್ತನೇ ತರಗತಿಗಳ ಮೇಷ್ಟ್ರುಗಳು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂರಲಿ. ಆ ಗಂಟೆ ಬೇರೆ ಯಾವ ನಮೂನೆಯನ್ನೂ ತುಂಬಿಸಬೇಡಿ ಅಂತ ಡಿಡಿಪಿಐ ಸಾಹೇಬರು ಒಂದು ಸಾಲು ಬರೆದುಕೊಟ್ಟರೆ ಸಾಕು. 2001ರಿಂದ ಎಸ್‌ಡಿಎಂಸಿ ಅನ್ನುವುದು ಇದೆಯಲ್ಲ, ಅದರ ಇಬ್ಬರು ತಂದೆತಾಯಂದಿರನ್ನೂ ಕರೆಯಲಿ. ಯಾವ ಮನೆಯಲ್ಲಿ ಏನು ನಡೆದಿದೆ ಅನ್ನುವುದು ಮೇಷ್ಟ್ರಿಗಿಂತ ಬೀದಿಯವರಿಗೆ ಗೊತ್ತು.

ಪಟ್ಟಿ ಮಾಡಿದರೆ ಎರಡು ಗುಂಪಂತೂ ಸಿಕ್ಕೇ ಸಿಗುತ್ತದೆ ಅಂತ ನಮ್ಮ ಅಂದಾಜು. ಒಂದು, ಬಸ್ಸಿನ ಮಕ್ಕಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೇಟಿನ ಚಿಂತೆ ಇಲ್ಲ, ಬಾಗಿಲಲ್ಲಿ ಕಾಲಿಡಲು ಜಾಗ ಮಾತ್ರ ಇಲ್ಲ. ಮುಂಜಾನೆ ಆ ಬಸ್ಸಿಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೀ ಬಸ್ಸು ಕೊಡಿ ಅಂದರೆ ಡಿಪೋ ಮ್ಯಾನೇಜರು ನೋಡೋಣ ಅನ್ನುತ್ತಾರೆ. ಇಂಥ ಮೂರು ಊರಿನ ಇಷ್ಟು ಮಕ್ಕಳು ಇಷ್ಟು ದಿನ ಮೊದಲ ಪೀರಿಯಡ್ಡು ಕಳೆದುಕೊಂಡರು, ಇಗೋ ತಾರೀಖು ಸಮೇತ ಪಟ್ಟಿ ಅಂದರೆ ಹಾಗನ್ನುವುದು ಕಷ್ಟ.

ಎರಡನೆಯದು ಸೋಮವಾರದ ಸಂತೆ. ಅವತ್ತು ಗೈರಾಗುವ ಹುಡುಗರು ಎಲ್ಲಿರುತ್ತಾರೆ ಅಂತ ಬಜಾರಿನವರನ್ನು ಕೇಳಬೇಕು. ತೂಕದ ಬಟ್ಟಿನ ಮುಂದೆ, ಟೀ ಲೋಟ ಹಿಡಿದು, ಮೂಟೆ ಇಳಿಸುತ್ತಾ ಇರುತ್ತಾರೆ. 14 ವರ್ಷದೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ ಅನ್ನುವುದು ಗೋಡೆ ಮೇಲೆ ಬರೆದಿದೆ. ಬೈದರೆ ಬೇಸರವಾಗುತ್ತದೆ, ನಮಗೆ ಜಾಹೀರಾತು ಕೊಡುವವರೂ ಅವರೇ. ಆದರೂ ಕೇಳುತ್ತೇವೆ: ಉದ್ರಿ ಪುಸ್ತಕವನ್ನು ಅಷ್ಟು ಚೆನ್ನಾಗಿ ಓದುವ ಸಾಹುಕಾರರೇ, ಬರುವ ಸೋಮವಾರ ನಿಮ್ಮ ಅಂಗಡಿಯ ಹುಡುಗ ಎಷ್ಟನೇ ತರಗತಿ ಅಂತ ಒಮ್ಮೆ ವಿಚಾರಿಸುತ್ತೀರಾ?

ಪಟ್ಟಿ ಮಾಡಿದ ಹೆಡ್‌ಮಾಸ್ತರರು ಯಾರೇ ಇದ್ದರೂ ನಮ್ಮ ಕಚೇರಿಗೆ ತಿಳಿಸಲಿ. ಮಕ್ಕಳ ಹೆಸರು ಅಚ್ಚು ಹಾಕುವುದಿಲ್ಲ. ಡಿಪೋಗೆ ಜೊತೆಯಲ್ಲಿ ಬರುತ್ತೇವೆ. 10-20ರ ಬಸ್ಸು ಈಗಲೂ 10-20ಕ್ಕೇ ಬರುತ್ತಿದೆ.