ನೋಂದಣಿ ಇಲ್ಲದ ಕರಾರು ಯಾರ ಉಪಯೋಗಕ್ಕೆ?



"ಮಾಲೀಕ ಹೋಗು ಅಂದರೆ ಹೋಗಬೇಕಪ್ಪ, ಇದು ನಮ್ಮ ಊರಲ್ಲ." ಸಂಘದ ಯಾವ ಕೂಟಕ್ಕೆ ಹೋದರೂ ಹಿರಿಯರೊಬ್ಬರಿಂದ ಈ ಉಪದೇಶ ತಪ್ಪಿದ್ದಲ್ಲ. ಇದು ಶುದ್ಧ ಅಜ್ಞಾನ! ಕತಾರಿನ 2008ರ 4ನೇ ಕಾನೂನು ಬಾಡಿಗೆ ವ್ಯವಹಾರಕ್ಕೆಂದೇ ಇರುವುದು. ಅದು ನಮ್ಮ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ಅವಧಿ ಮುಗಿಯುವ ಮೊದಲೇ ನಮ್ಮನ್ನು ಎಬ್ಬಿಸಬೇಕಾದರೆ ಮಾಲೀಕ ಬಾಡಿಗೆ ವಿವಾದಗಳ ಸಮಿತಿಯ ಮುಂದೆ ಕಾರಣ ತೋರಿಸಬೇಕು: ಬಾಡಿಗೆ ಬಂದಿಲ್ಲ, ಒಪ್ಪಿಗೆಯಿಲ್ಲದೆ ಮರುಬಾಡಿಗೆಗೆ ಕೊಟ್ಟಿದ್ದಾರೆ, ಹೀಗೆ. ಆ ಸಮಿತಿಗೆ ನ್ಯಾಯಾಧೀಶರೇ ಅಧ್ಯಕ್ಷರು. ರಾತ್ರೋರಾತ್ರಿ ಬೀಗ ಬದಲಿಸುವ ಅಧಿಕಾರ ಮಾಲೀಕನಿಗಿಲ್ಲ. ಡಿಪಾಸಿಟ್ಟು ಕೂಡ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ.

ಆದರೆ ಕರಾರು ನೋಂದಣಿಯಾಗಿರಬೇಕು. ಮಾಡಿಸುವ ಹೊಣೆ ಮಾಲೀಕನದು, ಕೇಳುವ ಬಾಯಿ ನಮ್ಮದು. ಎಷ್ಟು ಮನೆಯವರು ಕೇಳಿದ್ದೇವೆ?

ನಮ್ಮಲ್ಲಿ ಹಲವರು ಇರುವುದು ಜಿಪ್ಸಂ ಗೋಡೆ ಎಬ್ಬಿಸಿ ತುಂಡು ಮಾಡಿದ ವಿಲ್ಲಾಗಳಲ್ಲಿ. ಬಾಡಿಗೆ ಕೊಡುವುದು ಮಧ್ಯವರ್ತಿಗೆ. ಅವನೂ ಎಷ್ಟೋ ಸಲ ನಮ್ಮ ಊರಿನವನೇ, ಮುಚ್ಚಿಡುವುದೇಕೆ? ಪರಿಚಯದವನಲ್ಲವೇ ಎಂದು ಒಂದು ಕೈಬರಹದ ಚೀಟಿಗೆ ತೃಪ್ತರಾಗುತ್ತೇವೆ. ನಾವು ಯಾರೆಂದು ನಿಜವಾದ ಮಾಲೀಕನಿಗೆ ಗೊತ್ತೇ ಇರುವುದಿಲ್ಲ. ಅನುಮತಿ ಇಲ್ಲದ ಆ ಗೋಡೆಯೇ ಅಕ್ರಮ. ಬಲದಿಯಾದವರು ಬಂದ ದಿನ 'ನಮ್ಮವನು' ಫೋನ್ ಎತ್ತುವುದಿಲ್ಲ. ನಾವು ಮುಂದಿನ ತಾರೀಕು ಹಾಕಿ ಕೊಟ್ಟ ಚೆಕ್ಕುಗಳು ಮಾತ್ರ ಅವನ ಜೇಬಿನಲ್ಲೇ! ಈ ದೇಶದಲ್ಲಿ ಚೆಕ್ಕು ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಮನೆ ಕಳೆದುಕೊಂಡವನೇ ಪೊಲೀಸರಿಗೆ ಹೆದರಬೇಕು.

2022ರ ಅಕ್ಟೋಬರಿನಲ್ಲಿ, ವಿಶ್ವಕಪ್ಪಿಗೆ ಕೆಲವೇ ವಾರ ಮೊದಲು, ದೋಹಾದ ಮನ್ಸೂರಾದಲ್ಲಿ ಕಟ್ಟಡಗಳನ್ನು ಖಾಲಿ ಮಾಡಿಸಿದ್ದನ್ನು ರಾಯ್ಟರ್ಸ್ ವರದಿ ಮಾಡಿತು. ಒಂದು ಕಟ್ಟಡದಲ್ಲಿ 1,200 ಜನ ಇದ್ದರೆಂದು ನಿವಾಸಿಗಳ ಹೇಳಿಕೆ. ರಾತ್ರಿ ಎಂಟರ ಸುಮಾರಿಗೆ ಬಂದು ಕೊಟ್ಟ ಗಡುವು ಎರಡು ಗಂಟೆ. ಸರಿಯಾದ ನೋಟಿಸ್ ಕೊಟ್ಟೇ ಇರುತ್ತಾರೆ, ಬೇರೆ ವಸತಿಯೂ ಆಗಿದೆ ಎಂದರು ಸರಕಾರದವರು. "ಅದು ಬ್ಯಾಚುಲರುಗಳ ವಿಷಯ, ನಾವು ಫ್ಯಾಮಿಲಿಯವರು" ಎಂದು ಸುಮ್ಮನಿದ್ದವರನ್ನು ಕೇಳುತ್ತೇನೆ: ನಿಮ್ಮ ಕೈಯಲ್ಲಿ ಅವರಿಗಿಂತ ಹೆಚ್ಚಿನ ಯಾವ ಕಾಗದವಿದೆ ಸ್ವಾಮಿ?

ಕಾರ್ಯಕಾರಿ ಸಮಿತಿಯವರಿಗೂ ಒಂದು ಮಾತು. ರಾಜ್ಯೋತ್ಸವದ ಊಟದ ಪಟ್ಟಿಗೆ ಮೂರು ಸಭೆ ಸೇರುವ ನೀವು ಇದಕ್ಕೆ ಒಂದು ಸಭೆ ಕರೆಯಿರಿ. ಅಲ್ಲಿಯವರೆಗೆ, ನೋಂದಾಯಿತ ಕರಾರು ಮಾಡಿಕೊಡುತ್ತೇನೆಂದು ಬರೆದುಕೊಡದವನ 'ಮನೆ ಬಾಡಿಗೆಗಿದೆ' ಜಾಹೀರಾತನ್ನು ಈ ಪತ್ರಿಕೆಯಲ್ಲಿ ಹಾಕಬೇಡಿ, ಅವನು ಎಷ್ಟೇ ದೊಡ್ಡ ಪ್ರಾಯೋಜಕನಾಗಿದ್ದರೂ.