ಬೋಲ್ಟು ಸವೆದರೆ ಹುಡುಗನ ತಪ್ಪೇ?



ಹೋಟೆಲಿನಲ್ಲಿ ದುಡಿದವರಿಗೆಲ್ಲ ಈ ಲೆಕ್ಕ ಗೊತ್ತು. ಗ್ಲಾಸು ಒಡೆದರೆ ಸಂಬಳದಲ್ಲಿ ಕಡಿತ. ನೆಲದಲ್ಲಿ ನೀರು ನಿಂತಿತ್ತೇ, ಟ್ರೇ ಬಾಗಿತ್ತೇ ಎಂದು ಗಲ್ಲೆಯ ಮೇಲೆ ಕೂತ ಧಣಿ ಕೇಳುವುದಿಲ್ಲ. ಏಳನೇ ತರಗತಿ ಮುಗಿಸಿ ಬಂದು ಟೇಬಲು ಒರೆಸಿದ ನಾನೂ ಅಂಥ ದಂಡ ತೆತ್ತವನೇ. ಈಗ ಅದೇ ಲೆಕ್ಕ ಗ್ಯಾರೇಜಿನಲ್ಲಿ ನಡೆಯುತ್ತಿದೆ.

ಕಳೆದ ತಿಂಗಳು ಸಂಘದ ಆಫೀಸಿಗೆ ಒಬ್ಬ ಹುಡುಗ ಬಂದ. ಹೋಟೆಲು ಬಿಟ್ಟು ಹಳೇ ಗಾಡಿಗಳ ಗ್ಯಾರೇಜು ಸೇರಿದವನು. ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಅಂಬಾಸಡರ್ ಗಾಡಿಯ ಎಂಜಿನಿನ ಬಗಲಲ್ಲಿ, ಕೈ ಸರಿಯಾಗಿ ಹೋಗದ ಸಂದಿಯಲ್ಲಿ, ಅರ್ಧ ಇಂಚಿನ ಬೋಲ್ಟು ಬಿಚ್ಚುವಾಗ ಪಾನಾ ಜಾರಿ ಬೋಲ್ಟಿನ ಮೂಲೆಗಳೆಲ್ಲ ಸವೆದುಹೋದವಂತೆ. ಡ್ರಿಲ್ ಹಾಕಿ ತೆಗೆಸಿದ ಖರ್ಚು ಅವನ ಪಗಾರದಿಂದ!

"ಅಣ್ಣಾ, ನನ್ನ ಕೈಯೇ ಸರಿಯಿಲ್ಲ ಅಂತಾರೆ ಸೇಟ್" ಎಂದ.

ಯಾವ ಪಾನಾ ಕೊಟ್ಟಿದ್ದರಪ್ಪಾ ಎಂದು ಕೇಳಿದೆ. 13 ನಂಬರಿನದು.

ಸೇಟ್‌ಗಳೇ, ಲೆಕ್ಕ ನೋಡಿ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚು. ಅದರ ಹಳೇ ಪೆಟ್ರೋಲ್ ಎಂಜಿನಿನ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. 13ರ ಪಾನಾ ಅದರ ಮೇಲೆ ಕೂತಂತೆ ಕಾಣುತ್ತದೆ, ಜೋರು ಹಾಕಿದೊಡನೆ ಜಾರುತ್ತದೆ. ಮುಕ್ಕಾಲು ಇಂಚಿನ ಬೋಲ್ಟಿಗೆ 19ರ ಪಾನಾ ಹೇಗೋ ನಡೆದುಹೋಗುತ್ತದೆ; ಅದನ್ನೇ ನಂಬಿ ಎಲ್ಲ ಅಳತೆಗೂ ಮಿಲಿಮೀಟರಿನ ಪಾನಾವನ್ನೇ ಕೊಡುತ್ತಾರೆ. ಮುಂಬಯಿಯ ಗ್ಯಾರೇಜುಗಳು ಪದ್ಮಿನಿ ಟ್ಯಾಕ್ಸಿಯ ಮೇಲೆ ಬೆಳೆದವು. ಅದು ಫಿಯೆಟ್ ಅಚ್ಚಿನ, ಮಿಲಿಮೀಟರಿನ ಗಾಡಿ. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು, ಪಾನಾಗಳು ಮಾತ್ರ ಅವೇ ಉಳಿದವು. ಹವ್ಯಾಸಕ್ಕೆ ಹಳೇ ಅಂಬಾಸಡರ್ ಸಾಕಿದ ಗಿರಾಕಿಯಿಂದ ಕೈತುಂಬ ಹಣ ತೆಗೆದುಕೊಳ್ಳುವವರಿಗೆ ಇಂಚಿನ ಒಂದು ಸೆಟ್ ಕೊಳ್ಳಲು ಏನು ಬಡತನ?

"ಇಕ್ಕಟ್ಟಾದರೆ ರ‍್ಯಾಚೆಟ್ ಪಾನಾ ತಂದುಕೋ" ಎಂಬ ಉಪದೇಶ ಬೇರೆ. ತನ್ನ ಕಾಸಿನಿಂದ! ಹುಡುಗರು ಫುಟ್‌ಪಾತಿಗೆ ಹೋಗಿ ಹೊಳೆಯುವ ನಲವತ್ತು ತುಂಡಿನ ಡಬ್ಬಿ ತರುತ್ತಾರೆ. ಅದರಲ್ಲಿ ಬೇಕಾದ ಮೂರು ಅಳತೆಯೇ ಇರುವುದಿಲ್ಲ. ಹಳೇ ಅಂಬಾಸಡರಿನ ಸಣ್ಣ ಬೋಲ್ಟುಗಳಿಗೆ 7/16, 1/2, 9/16 ಒಳ್ಳೆಯವು ಇದ್ದರೆ ಬಹುಪಾಲು ಕೆಲಸ ಆಗುತ್ತದೆ.

ರ‍್ಯಾಚೆಟ್ಟಿನ ಗುಣ ಅದರ ಹಲ್ಲಿನಲ್ಲಿದೆ. ಹನ್ನೆರಡು ಮೂಲೆಯ ಸಾದಾ ರಿಂಗ್ ಪಾನಾಕ್ಕೆ ಪ್ರತಿ ಸಲವೂ 30 ಡಿಗ್ರಿ ತಿರುಗುವಷ್ಟು ಜಾಗ ಬೇಕು. 72 ಹಲ್ಲಿನ ರ‍್ಯಾಚೆಟ್ಟಿಗೆ 5 ಡಿಗ್ರಿ ಸಾಕು. 24 ಹಲ್ಲಿನದಕ್ಕೆ 15 ಬೇಕು. ಆದರೆ ಸಣ್ಣ ಹಲ್ಲಿಗೆ ಒರಟು ಕೆಲಸ ಹೇಳಬಾರದು. ತುಕ್ಕು ಹಿಡಿದ ಬೋಲ್ಟಿಗೆ ರಾತ್ರಿಯೇ ಎಣ್ಣೆ ಬಿಟ್ಟು, ಮೊದಲು ಆರು ಮೂಲೆಯ ಗಟ್ಟಿ ರಿಂಗಿನಿಂದ ಸಡಿಲಿಸಿ, ಆಮೇಲೆ ರ‍್ಯಾಚೆಟ್ ಹಾಕಬೇಕು. ಹಿಡಿಗೆ ಪೈಪು ಸಿಕ್ಕಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ, ಆ ದಂಡವೂ ಹುಡುಗನಿಗೇ.

ಇನ್ನೊಂದು ಮಾತು ಮುಖ್ಯ. ರ‍್ಯಾಚೆಟ್ಟಿನ ತಲೆ ಸಾದಾ ರಿಂಗಿಗಿಂತ ದಪ್ಪ. ಸಂದಿ ಅಳೆಯದೆ ಕೊಳ್ಳಬೇಡಿ. ದಿಕ್ಕು ಬದಲಿಸುವ ಕೊಂಡಿ ಇಲ್ಲದ್ದನ್ನಂತೂ ಸಂದಿಗೆ ಹಾಕಲೇಬೇಡಿ. ಬೋಲ್ಟು ಹೊರಬರುತ್ತ ಬರುತ್ತ ಅದರ ತಲೆ ಎದುರಿನ ತಗಡಿಗೆ ಹತ್ತಿರವಾಗಿ ಪಾನಾ ನಡುವೆ ಸಿಕ್ಕಿಕೊಳ್ಳುತ್ತದೆ. ಕೊಂಡಿಯಿದ್ದರೆ ತಿರುಗಿಸಿ ಬೋಲ್ಟನ್ನು ಮತ್ತೆ ಒಳಗೆ ಬಿಗಿಯಬಹುದು. ಇಲ್ಲದಿದ್ದರೆ ಮಗುಚಿ ಹಾಕಬೇಕು. ಹೊರಗೇ ಬಾರದ ಪಾನಾವನ್ನು ಮಗುಚುವುದು ಹೇಗೆ? ತಲೆ ಸ್ವಲ್ಪ ಓರೆಯಾಗಿದ್ದರೆ ಗೆಣ್ಣೂ ಉಳಿಯುತ್ತದೆ.

"ನಾವು ಎರಡು ಪಾನಾದಲ್ಲಿ ಎಂಜಿನ್ ಇಳಿಸಿದವರು" ಎನ್ನುವ ಉಸ್ತಾದರಿಗೆ ನಮಸ್ಕಾರ. ನಿಮ್ಮ ಕೈಯ ಗಾಯದ ಕಲೆಗಳನ್ನು ಒಮ್ಮೆ ಎಣಿಸಿಕೊಳ್ಳಿ ಉಸ್ತಾದ್, ಆ ಜಂಬದ ಲಾಭ ಯಾರ ಗಲ್ಲೆಗೆ ಹೋಯಿತೆಂದೂ ನೋಡಿ.

ಗಿರಣಿಯ ಹಿರಿಯರನ್ನು ಕೇಳಿ. ಗಿರಣಿ ಮಾಲಕರೇನು ಧರ್ಮರಾಯರಲ್ಲ. ಆದರೂ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಬಿಲ್ಲೆ ಕೊಟ್ಟರೆ ಹತಿಯಾರು ಸಿಗುತ್ತಿತ್ತು, ಮನೆಯಿಂದ ತಾ ಎನ್ನುತ್ತಿರಲಿಲ್ಲ. ಕೆಲಸಕ್ಕೆ ಬೇಕಾದ ಹತಿಯಾರು ಒದಗಿಸಿದ್ದನ್ನು 'ಸೇವೆ' ಎಂದು ಹೆಸರಿಟ್ಟು ಸಂಬಳ ಹಿಡಿಯುವಂತಿಲ್ಲ ಎಂದು 1936ರ ವೇತನ ಪಾವತಿ ಕಾಯಿದೆಯಲ್ಲೇ ಬರೆದಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಮಾತಿದೆ. ನಷ್ಟಕ್ಕೆಂದು ಹಿಡಿಯಬೇಕಾದರೂ ಅದು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಮೊದಲು ಅವನ ಮಾತು ಕೇಳಬೇಕು. ತಪ್ಪು ಅಳತೆಯ ಪಾನಾ ಕೊಟ್ಟದ್ದು ಯಾರ ಅಲಕ್ಷ್ಯ?

ಬರುವ ಭಾನುವಾರ ನಾವು ಮೂವರು ಆ ಸೇಟ್ ಬಳಿಗೆ ಹೋಗುತ್ತೇವೆ. ಸವೆದ ಬೋಲ್ಟನ್ನೂ ಆ 13ರ ಪಾನಾವನ್ನೂ ತರಲು ಹುಡುಗನಿಗೆ ಹೇಳಿದ್ದೇವೆ. ಬೇರೆ ಗ್ಯಾರೇಜಿನಲ್ಲಿ ಹೀಗೆ ಸಂಬಳ ಕಳೆದುಕೊಂಡವರು ಇದ್ದರೆ ಶನಿವಾರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಸಂಘದ ಆಫೀಸಿಗೆ ಬನ್ನಿ, ಪಗಾರದ ಚೀಟಿ ತನ್ನಿ.