ಕೌದಿಗೆ ಕಟ್ಟಬೇಕಾದ ಬೆಲೆ

ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಹಳೆಯ ಸೀರೆ, ಸವೆದ ಅಂಗಿ, ಸೂಜಿ-ದಾರಗಳೇ ಬಂಡವಾಳ. ಅಂಚಿನಿಂದ ಆರಂಭವಾಗುವ ಕೈಹೊಲಿಗೆ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಿಸಿ ಕೂರಿಸುವ ‘ಫೂಲ’ ಇಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಅಪೂರ್ಣ. ಅಮೆರಿಕದಲ್ಲಿಯೂ ಪ್ರದರ್ಶನಗೊಂಡ ಇಂತಹ ವಸ್ತುವಿಗೆ ಚಿಂದಿಯ ಲೆಕ್ಕದಲ್ಲಿ ದರ ಕಟ್ಟುವುದು ವ್ಯಾಪಾರದೃಷ್ಟಿಯಿಂದಲೂ ತಪ್ಪು. ಬಟ್ಟೆ ಪುಕ್ಕಟೆ ಸಿಕ್ಕಿರಬಹುದು, ವಾರಗಟ್ಟಲೆಯ ದುಡಿಮೆ ಪುಕ್ಕಟೆಯಲ್ಲ. ಹೊಲಿದ ದಿನಗಳ ಕೂಲಿಗೆ ದಾರದ ಖರ್ಚು ಸೇರಿಸಿ ಬೆಲೆ ನಿಗದಿಯಾಗಬೇಕು, ಮುಂಗಡವೂ ದೊರೆಯಬೇಕು. ಸಿದ್ಧ ಉಡುಪು ತಯಾರಕರು ಕತ್ತರಿಸಿ ಉಳಿದ ಹತ್ತಿಬಟ್ಟೆಯನ್ನು ಒದಗಿಸಬಹುದು. ಆದರೆ ಎಲ್ಲವೂ ಒಂದೇ ವಿನ್ಯಾಸದಲ್ಲಿರಲೆಂಬ ಹಟ ಸಲ್ಲದು. ಅದಕ್ಕೆ ಕಾರ್ಖಾನೆಯ ಹೊದಿಕೆಗಳಿವೆ. ಜೋಯಿಡಾ, ದಾಂಡೇಲಿಗಳ ವಸತಿಗೃಹಗಳಿಗೆ ಬರುವ ಪ್ರವಾಸಿಗರೇ ಹತ್ತಿರದ ಗ್ರಾಹಕರು. ಅಲ್ಲಿ ಮಾರಾಟಕ್ಕಿಡುವಾಗ ಬೆಲೆಚೀಟಿಯಲ್ಲಿ ಹೊಲಿಗೆಗೆ ಹಿಡಿದ ದಿನಗಳನ್ನೂ ನಮೂದಿಸುವುದು ಉಚಿತ.